ಧೌಲಾಧಾರದ ಮಡಿಲಲ್ಲಿ ಬಟ್ಟೆಯ ರೆಕ್ಕೆ

ಕಾಂಗ್ರಾ ಕಣಿವೆಗೆ ಅಕ್ಟೋಬರ್ ಬಂತೆಂದರೆ ಪ್ರಕೃತಿ ಅಭ್ಯಂಜನ ಮುಗಿಸಿ ಮಡಿಯುಟ್ಟು ಬಂದಂತೆ ತೋರುತ್ತದೆ. ಮಳೆಗಾಲದ ಮುಸುಕು ಸರಿದು ಆಕಾಶ ತಿಳಿನೀಲಿಯಾಗುತ್ತದೆ. ಗದ್ದೆಗಳಲ್ಲಿ ಭತ್ತದ ತೆನೆ ಹೊಂಬಣ್ಣಕ್ಕೆ ತಿರುಗುತ್ತದೆ. ಚಹಾತೋಟಗಳ ಹಸುರಿನ ಆಚೆ ಧೌಲಾಧಾರದ ಶಿಖರಗಳು ಕೈಚಾಚಿದರೆ ಸಿಕ್ಕುವಷ್ಟು ಹತ್ತಿರ ಬಂದು ನಿಲ್ಲುತ್ತವೆ. ಬೇರೆ ಪರ್ವತಗಳಿಗೆ ಮೊದಲು ಗುಡ್ಡ, ಆಮೇಲೆ ಬೆಟ್ಟ, ಅನಂತರ ಶಿಖರ ಎಂಬ ಮೆಟ್ಟಿಲುಗಳುಂಟು. ಧೌಲಾಧಾರಕ್ಕೆ ಅಂತಹ ದಾಕ್ಷಿಣ್ಯವಿಲ್ಲ. ಅದು ಕಣಿವೆಯ ಅಂಚಿನಿಂದಲೇ ಗೋಡೆಯಂತೆ ಎದ್ದು ನಾಲ್ಕು ಸಾವಿರ ಮೀಟರಿಗೂ ಮಿಕ್ಕಿದ ಎತ್ತರಕ್ಕೆ ತಲೆಯೆತ್ತುತ್ತದೆ.

ಈ ಗೋಡೆಯ ಬುಡದಲ್ಲಿರುವ ಊರಿನ ಹೆಸರು ಬೀರ್. ಅದರ ನೆತ್ತಿಯ ಮೇಲೆ, ೧೪ ಕಿಲೋಮೀಟರಿನ ತಿರುವುದಾರಿಯ ಕೊನೆಯಲ್ಲಿರುವ ಹುಲ್ಲುಗಾವಲಿನ ಹೆಸರು ಬಿಲ್ಲಿಂಗ್. ಒಂದು ಕಾಲದಲ್ಲಿ ಇಲ್ಲಿ ಕುರಿ ಕಾಯುವ ಗದ್ದಿ ಜನರ ಸಿಳ್ಳೆಯಲ್ಲದೆ ಬೇರೆ ಸದ್ದು ಇರಲಿಲ್ಲ. ಇಂದು ಈ ಎರಡು ಹೆಸರುಗಳನ್ನು ಕೂಡಿಸಿ ‘ಬೀರ್-ಬಿಲ್ಲಿಂಗ್’ ಎಂದರೆ ಸಾಕು, ಆಕಾಶದಲ್ಲಿ ತೇಲಬೇಕೆಂಬ ಹಂಬಲವುಳ್ಳವರ ಕಿವಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ನಿಮಿರುತ್ತದೆ. ೨೦೧೫ರ ಅಕ್ಟೋಬರಿನಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ಪಿನ ಸ್ಪರ್ಧೆಯೊಂದು ಇಲ್ಲಿಯೇ ನಡೆಯಿತು.

ವೈದ್ಯನಾಥನ ನೆರೆಯೂರು

ಬೀರಿಗೆ ಬರುವ ಯಾತ್ರಿಕ ಮೊದಲು ಬೈಜನಾಥವನ್ನು ಹಾದುಬರುವುದು ವಾಡಿಕೆ. ಅಲ್ಲಿಯ ಶಿವಾಲಯವನ್ನು ೧೨೦೪ರಲ್ಲಿ ಅಹುಕ, ಮನ್ಯುಕ ಎಂಬ ವರ್ತಕ ಸಹೋದರರು ಕಟ್ಟಿಸಿದರೆಂದು ಶಾಸನಗಳು ಹೇಳುತ್ತವೆ. ಶಿವನಿಗೆ ಅಲ್ಲಿ ವೈದ್ಯನಾಥನೆಂಬ ಹೆಸರು. ಇನ್ನೊಂದು ನೆನಪೂ ಈ ಕಣಿವೆಗುಂಟು. ಶಾನನ್ ವಿದ್ಯುದಾಗಾರದ ಭಾರಿ ಯಂತ್ರಗಳನ್ನು ಹೊತ್ತು ತರಲು ಅನುಕೂಲವಾಗಲೆಂದು ಪಠಾಣಕೋಟೆಯಿಂದ ಜೋಗಿಂದರ್‌ನಗರದವರೆಗೆ ೧೬೪ ಕಿಲೋಮೀಟರಿನ ಕಿರಿದಳಿಯ ರೈಲುಮಾರ್ಗವನ್ನು ೧೯೨೯ರಲ್ಲಿ ತೆರೆದರು. ಆ ಮಾರ್ಗದ ಅಹಜು ಎಂಬ ಪುಟ್ಟ ನಿಲ್ದಾಣವೇ ಬೀರಿಗೆ ಹತ್ತಿರದ್ದು.

ಬೀರಿನ ಬೀದಿಯಲ್ಲಿ ನಡೆಯುವ ಕನ್ನಡಿಗನಿಗೆ ತಾನು ತೀರ ಪರಸ್ಥಳದಲ್ಲಿರುವೆನೆಂದು ಅನ್ನಿಸುವುದಿಲ್ಲ. ಕೆಂಪು ನಿಲುವಂಗಿಯ ಭಿಕ್ಷುಗಳು, ಗಾಳಿಗೆ ಪಟಪಟಿಸುವ ಬಣ್ಣದ ಪ್ರಾರ್ಥನಾಪತಾಕೆಗಳು, ಆವಿಯಾಡುವ ಮೊಮೊ ಅಂಗಡಿಗಳು—ಇವೆಲ್ಲ ಬೈಲುಕುಪ್ಪೆಯನ್ನೋ ಮುಂಡಗೋಡನ್ನೋ ಕಂಡವರಿಗೆ ಹಳೆಯ ಪರಿಚಯ. ೧೯೫೯ರ ಬಳಿಕ ನೆಲೆ ತಪ್ಪಿ ಬಂದ ಟಿಬೆಟನ್ ಜನರ ಒಂದು ಪಂಗಡ ಕಾವೇರಿಯ ಸೀಮೆಗೆ ಇಳಿದರೆ, ಇನ್ನೊಂದು ಪಂಗಡ ಈ ಗೋಡೆಯ ಬುಡದಲ್ಲಿ ನೆಲೆ ಕಂಡಿತು.

ಈಚಿನ ಒಂದು ಅಕ್ಟೋಬರಿನಲ್ಲಿ ಬೆಂಗಳೂರಿನ ಎಂಜಿನಿಯರೊಬ್ಬ ಹೆಂಡತಿಯನ್ನೂ ಏಳು ವರ್ಷದ ಮಗಳನ್ನೂ ಕರೆದುಕೊಂಡು ಈ ಊರಿಗೆ ಬಂದಿಳಿದ. ಅವನ ಬೆನ್ನಿಗೆ ದೊಡ್ಡದೊಂದು ಚೀಲ. ಅದರೊಳಗೆ ಅವನು ಆಗತಾನೆ ಬೇರೊಬ್ಬರಿಂದ ಕೊಂಡಿದ್ದ, ಮಧ್ಯಮ ವರ್ಗದ ಪ್ಯಾರಾಗ್ಲೈಡರ್. ರಜೆ ಇದ್ದುದು ಐದೇ ದಿನ. “ಅಪ್ಪ ಆಕಾಶದಿಂದ ಇಳಿದು ಬರುತ್ತಾನೆ, ನೋಡುತ್ತಿರು” ಎಂದು ಮಗಳಿಗೆ ಮಾತು ಕೊಟ್ಟಿದ್ದ.

ಗಾಳಿಪಟದ ಮೊಮ್ಮಗು

ಪ್ಯಾರಾಗ್ಲೈಡರ್ ಎಂದರೆ ವಿಮಾನದಿಂದ ಜಿಗಿದವನನ್ನು ಇಳಿಸುವ ಕೊಡೆಯೆಂದು ಅನೇಕರು ತಿಳಿದಿದ್ದಾರೆ. ಅದು ಕೊಡೆಯಲ್ಲ, ರೆಕ್ಕೆ. ೧೯೬೦ರ ದಶಕದಲ್ಲಿ ಗಾಳಿಪಟಗಳ ತಯಾರಿಕೆಯಲ್ಲಿ ನುರಿತ ಡೊಮಿನಾ ಜಾಲ್ಬರ್ಟ್ ಎಂಬಾತ ಬಟ್ಟೆಯ ಎರಡು ಪದರಗಳ ನಡುವೆ ಕೋಶಗಳನ್ನು ಹೊಲಿದು, ಮುಂದಿನ ಬಾಯಿಯಿಂದ ನುಗ್ಗುವ ಗಾಳಿಯೇ ಅದಕ್ಕೆ ಆಕಾರ ಕೊಡುವಂತೆ ಮಾಡಿದ. ೧೯೭೮ರಲ್ಲಿ ಫ್ರಾನ್ಸಿನ ಆಲ್ಪ್ಸ್ ಪ್ರಾಂತದ ಮಿಯುಸಿ ಎಂಬ ಹಳ್ಳಿಯಲ್ಲಿ ಬೆತಾಂ, ಬೋನ್, ಬೊಸ್ಸೋಂ ಎಂಬ ಮೂವರು ಪ್ಯಾರಾಶೂಟ್ ಸಾಹಸಿಗಳು ‘ವಿಮಾನವೇಕೆ? ಬೆಟ್ಟದ ಇಳಿಜಾರಿನಲ್ಲಿ ಓಡಿಯೇ ಹಾರಬಾರದೇಕೆ?’ ಎಂದು ಯೋಚಿಸಿ ಹಾಗೆಯೇ ಹಾರಿದರು. ಅಲ್ಲಿಂದೀಚೆಗೆ ಬಟ್ಟೆಯ ರೆಕ್ಕೆ ಬೆಳೆಯುತ್ತ ಬಂದಿದೆ.

ಈ ರೆಕ್ಕೆಯಲ್ಲಿ ಮರವಿಲ್ಲ, ಕಬ್ಬಿಣವಿಲ್ಲ, ಎಂಜಿನ್ನಂತೂ ಇಲ್ಲವೇ ಇಲ್ಲ. ಮೇಲೆ ನೈಲಾನ್ ಬಟ್ಟೆ. ಅದರಿಂದ ಇಳಿದುಬರುವ ದಾರಗಳ ಸಾಲುಗಳು. ಆ ದಾರಗಳೆಲ್ಲ ಸೇರುವ ಎರಡು ಜೊತೆ ಪಟ್ಟಿಗಳು. ಪಟ್ಟಿಗಳನ್ನು ಆಸನಕ್ಕೆ ಬಿಗಿಯುವ ಎರಡು ಲೋಹದ ಕೊಂಡಿಗಳು. ಒಟ್ಟು ರೆಕ್ಕೆಯ ತೂಕ ಐದಾರು ಕಿಲೋಗ್ರಾಂ. ಯುರೋಪಿನ ಪರೀಕ್ಷಾ ನಿಯಮದಂತೆ ಈ ಬಟ್ಟೆ ಮತ್ತು ದಾರಗಳು ರೆಕ್ಕೆಗೆ ನಿಗದಿಯಾದ ಗರಿಷ್ಠ ಭಾರದ ೮ ಪಟ್ಟನ್ನು ತಾಳಬೇಕು. ಹೊಸದಾದಾಗ ತಾಳುತ್ತವೆ. ಹಳತಾದಾಗ? ಆ ಪ್ರಶ್ನೆಗೆ ಉತ್ತರ ಮುಂದೆ ಬರುತ್ತದೆ.

ಮಧ್ಯಮ ವರ್ಗದ ರೆಕ್ಕೆ

ಅದೇ ಪರೀಕ್ಷಾ ನಿಯಮ ರೆಕ್ಕೆಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ. ‘ಎ’ ವರ್ಗದ್ದು ಪಾಠಶಾಲೆಯ ರೆಕ್ಕೆ. ಸಾಧುವಾದ ಹಸುವಿನಂತೆ, ಸವಾರ ತಪ್ಪು ಮಾಡಿದರೂ ಬಹುಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ‘ಡಿ’ ಎಂಬುದು ಜಾತಿಕುದುರೆ. ಸ್ಪರ್ಧಾಳುಗಳಿಗೆ ಮಾತ್ರ ತಕ್ಕದ್ದು. ಇವೆರಡರ ನಡುವೆ ಇರುವ ‘ಬಿ’ ವರ್ಗದ್ದೇ ಜಗತ್ತಿನಲ್ಲಿ ಹೆಚ್ಚು ಜನ ಹಾರಿಸುವ ರೆಕ್ಕೆ. ನಮ್ಮ ಮಧ್ಯಮ ವರ್ಗದ ಸಂಸಾರಗಳಂತೆಯೇ ಅದರ ಸ್ವಭಾವ: ಆಸೆ ದೊಡ್ಡದು, ಅಂಕೆಯೂ ಉಂಟು, ಆದರೆ ತಪ್ಪಿಗೆ ತೆರಬೇಕಾದ ದಂಡ ಸ್ವಲ್ಪ ಹೆಚ್ಚು.

ಶಾಂತವಾದ ಗಾಳಿಯಲ್ಲಿ ಇಂತಹ ರೆಕ್ಕೆ ಒಂದು ಮೀಟರು ಇಳಿಯುವಷ್ಟರಲ್ಲಿ ಎಂಟೊಂಬತ್ತು ಮೀಟರು ಮುಂದೆ ಸಾಗುತ್ತದೆ. ಸಹಜ ವೇಗ ಗಂಟೆಗೆ ಸುಮಾರು ೩೭ ಕಿಲೋಮೀಟರು. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಹಾರಾಟದ ಅರ್ಧ ವಿವೇಕ ಕೈಸೇರಿದಂತೆ. ಎದುರುಗಾಳಿ ಗಂಟೆಗೆ ೪೦ ಕಿಲೋಮೀಟರು ಬೀಸಿತೆಂದುಕೊಳ್ಳಿ; ಹಾರುವವನ ಮುಖ ಮುಂದಕ್ಕಿದ್ದರೂ ಪಯಣ ಹಿಂದಕ್ಕೆ! ಹಿಂದೆ ಇರುವುದು ಬೆಟ್ಟ. ಆದುದರಿಂದಲೇ ನುರಿತವರು ರೆಕ್ಕೆಯನ್ನು ಬಿಚ್ಚುವ ಮೊದಲು ಮರಗಳ ತುದಿಯನ್ನೂ ಪತಾಕೆಗಳನ್ನೂ ಬಹಳ ಹೊತ್ತು ನೋಡುತ್ತಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಪ್ರತಿಯೊಂದು ರೆಕ್ಕೆಗೂ ಇಂತಿಷ್ಟು ಕಿಲೋಗ್ರಾಮಿನಿಂದ ಇಂತಿಷ್ಟರವರೆಗೆ ಎಂಬ ಭಾರದ ಮಿತಿಯುಂಟು. ಹಾರುವವನು, ಆಸನ, ಶಿರಸ್ತ್ರಾಣ, ನೀರಿನ ಬಾಟಲಿ, ರೆಕ್ಕೆ—ಎಲ್ಲ ಕೂಡಿ ಆ ಮಿತಿಯೊಳಗಿರಬೇಕು. ಭಾರ ತೀರ ಕಡಮೆಯಾದರೆ ರೆಕ್ಕೆ ಸಡಿಲವಾಗಿ, ಗಾಳಿಯ ಹೊಡೆತಕ್ಕೆ ಸುಲಭವಾಗಿ ಮಡಿಚಿಕೊಳ್ಳುತ್ತದೆ. ಹೆಚ್ಚಾದರೆ ಅದರ ಪ್ರತಿಯೊಂದು ಚಲನೆಯೂ ಒರಟಾಗುತ್ತದೆ.

ಕಾಣದ ನದಿ

ಬಿಲ್ಲಿಂಗಿನ ಹುಲ್ಲುಗಾವಲು ಸಮುದ್ರಮಟ್ಟಕ್ಕಿಂತ ಸುಮಾರು ೨,೪೦೦ ಮೀಟರು ಎತ್ತರದಲ್ಲಿದೆ. ಇಳಿಯುವ ಬಯಲು ಅದಕ್ಕಿಂತ ಸುಮಾರು ಸಾವಿರ ಮೀಟರು ಕೆಳಗೆ. ಮುಂಜಾನೆ ಅಲ್ಲಿ ನಿಂತರೆ ಗಾಳಿಯೇ ಇಲ್ಲ. ಹೊತ್ತೇರಿದಂತೆ ದಕ್ಷಿಣಕ್ಕೆ ಮುಖ ಮಾಡಿದ ಬಂಡೆಗಳೂ ಬೋಳು ಗದ್ದೆಗಳೂ ಕಾಯುತ್ತವೆ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಹಾರಾಟಗಾರರು ಇದನ್ನು ಥರ್ಮಲ್ ಎನ್ನುತ್ತಾರೆ. ಕಣ್ಣಿಗೆ ಕಾಣದ ಈ ನದಿ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಅದರ ಇರವನ್ನು ಮೊದಲು ಹೇಳುವವು ರಣಹದ್ದುಗಳು. ಎಂಟಡಿಗೂ ಮಿಕ್ಕ ರೆಕ್ಕೆಯ ಹಿಮಾಲಯದ ರಣಹದ್ದು ಒಮ್ಮೆಯೂ ರೆಕ್ಕೆ ಬಡಿಯದೆ ಸುತ್ತುತ್ತ ಏರುವಾಗ, ಬಟ್ಟೆಯ ರೆಕ್ಕೆಯವರು ಅದರ ಹಿಂದೆಯೇ ಶಿಷ್ಯರಂತೆ ಸುತ್ತುತ್ತಾರೆ. ಅನುಭವಿಗಳು ಹೀಗೆಯೇ ಏರಿ, ಶ್ರೇಣಿಯ ಗುಂಟ ಧರ್ಮಶಾಲೆಯವರೆಗೂ ಹೋಗಿ ಮರಳುವುದುಂಟು.

ಆದರೆ ನದಿ ಇದ್ದಲ್ಲಿ ಸುಳಿಯೂ ಉಂಟು. ಏರುವ ಗಾಳಿಯ ಅಂಚಿನಲ್ಲಿ ಇಳಿಯುವ ಗಾಳಿ ಇರುತ್ತದೆ. ಎರಡರ ಗಡಿಯನ್ನು ದಾಟುವಾಗ ರೆಕ್ಕೆಯ ಒಂದು ಪಕ್ಕ ಗಾಳಿಯ ಒತ್ತಡ ಕಳೆದುಕೊಂಡು ಕರವಸ್ತ್ರದಂತೆ ಮಡಿಚಿಕೊಳ್ಳಬಹುದು. ಕೇಳುವವರ ಎದೆ ನಡುಗಿಸುವ ಈ ಸಂಗತಿ ಹಾರುವವರಿಗೆ ಪಾಠದ ಒಂದು ಅಧ್ಯಾಯ. ಆಗ ಮಾಡಬೇಕಾದ ಕೆಲಸ ಎರಡು, ಅವುಗಳ ಅನುಕ್ರಮವೂ ಮುಖ್ಯ. ಮೊದಲನೆಯದು ದಿಕ್ಕು: ತೆರೆದಿರುವ ಪಕ್ಕಕ್ಕೆ ಮೈಭಾರ ಒರಗಿಸಿ, ಆ ಪಕ್ಕದ ಬ್ರೇಕನ್ನು ಹಗುರವಾಗಿ ಹಿಡಿದು, ರೆಕ್ಕೆ ಬೆಟ್ಟದ ಕಡೆ ತಿರುಗದಂತೆ ತಡೆಯುವುದು. ಎರಡನೆಯದು ದುರಸ್ತಿ: ಮಡಿಚಿದ ಪಕ್ಕದ ಬ್ರೇಕನ್ನು ದೀರ್ಘವಾಗಿ ಎಳೆದು ಬಿಟ್ಟು ಗಾಳಿ ತುಂಬಿಸುವುದು. ಗಾಬರಿಗೊಂಡು ಎರಡು ಬ್ರೇಕನ್ನೂ ಸೊಂಟದವರೆಗೆ ಜಗ್ಗಿದವನು ತೆರೆದಿದ್ದ ಅರ್ಧವನ್ನೂ ನಿಲ್ಲಿಸಿಬಿಡುತ್ತಾನೆ. ‘ಎ’ ವರ್ಗದ ರೆಕ್ಕೆಗೆ ಈ ಗಾಬರಿಯನ್ನು ಕ್ಷಮಿಸುವ ಸಹನೆ ಹೆಚ್ಚು. ‘ಬಿ’ ವರ್ಗದ್ದು ಬೇಗ ತಿರುಗುತ್ತದೆ, ಬೇಗ ಮುನ್ನುಗ್ಗುತ್ತದೆ. ಸವಾರನೂ ಅಷ್ಟೇ ಚುರುಕಾಗಿರಬೇಕು.

ಯಾವುದೂ ಫಲಿಸದಿದ್ದರೆ ಆಸನದಲ್ಲಿ ಮಡಿಸಿಟ್ಟ ಇನ್ನೊಂದು ಪ್ಯಾರಾಶೂಟ್ ಉಂಟು. ಅದನ್ನು ಕೈಯಿಂದ ಎಳೆದು ದೂರಕ್ಕೆ ಎಸೆಯಬೇಕು. ತೆರೆದುಕೊಂಡಾಗ ಅದು ಮನುಷ್ಯನನ್ನು ಸೆಕೆಂಡಿಗೆ ೫.೫ ಮೀಟರಿಗಿಂತ ವೇಗವಾಗಿ ಇಳಿಸಬಾರದೆಂಬುದು ನಿಯಮ. ಅದನ್ನು ಎಸೆಯಲು ಹಿಂಜರಿದು ಕೊನೆಯ ಕ್ಷಣದವರೆಗೆ ರೆಕ್ಕೆಯೊಡನೆ ಸೆಣಸುವವರಿಗೆ ಅದು ತೆರೆದುಕೊಳ್ಳುವಷ್ಟು ಎತ್ತರವೇ ಉಳಿದಿರುವುದಿಲ್ಲ.

ಗಾಳಿಗಿಂತಲೂ ಭಯಂಕರವಾದುದು ಮೋಡ. ೨೦೦೭ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಮನಿಲ್ಲಾ ಎಂಬಲ್ಲಿ ಇವಾ ವಿಸ್ನಿಯೆರ್‌ಸ್ಕಾ ಎಂಬ ಜರ್ಮನ್ ತಂಡದ ಹಾರಾಟಗಾರ್ತಿಯನ್ನು ಗುಡುಗುಮೋಡವೊಂದು ಹೀರಿ ೯,೯೦೦ ಮೀಟರಿಗೂ ಮೇಲಕ್ಕೆ ಒಯ್ದಿತು. ಪ್ರಜ್ಞೆ ತಪ್ಪಿ, ಮಂಜುಗಟ್ಟಿ, ಆಕೆ ಬದುಕಿ ಇಳಿದದ್ದು ಪವಾಡವೇ ಸರಿ. ಅದೇ ಮೋಡದಲ್ಲಿ ಸಿಕ್ಕಿದ ಚೀನೀ ಹಾರಾಟಗಾರನೊಬ್ಬ ಉಳಿಯಲಿಲ್ಲ. ಧೌಲಾಧಾರದಲ್ಲಿಯೂ ಮಧ್ಯಾಹ್ನದ ಹತ್ತಿಯ ಉಂಡೆಗಳು ನೋಡನೋಡುತ್ತಿರುವಂತೆ ಕಪ್ಪು ಗೋಪುರಗಳಾಗುವುದುಂಟು. ಮಳೆಗಾಲದಲ್ಲಿ, ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಇಲ್ಲಿ ಹಾರಾಟವನ್ನೇ ನಿಷೇಧಿಸುತ್ತಾರೆ.

ಮೇಲೇಳದ ರೆಕ್ಕೆ

ಬಂದ ಮರುದಿನ ಹತ್ತು ಗಂಟೆಯ ಹೊತ್ತಿಗೆ ಬೆಂಗಳೂರಿನವನು ಬಿಲ್ಲಿಂಗಿನ ಹುಲ್ಲಿನ ಮೇಲೆ ತನ್ನ ರೆಕ್ಕೆಯನ್ನು ಬಿಲ್ಲಿನಾಕಾರದಲ್ಲಿ ಹರಡಿದ. ಅವನ ಜೊತೆಗಿದ್ದವರು ಗದ್ದಿ ಮನೆತನದ ಒಬ್ಬ ಹಿರಿಯ ಹಾರಾಟಗಾರರು. ಎಲ್ಲರೂ ಅವರನ್ನು ಕರೆಯುತ್ತಿದ್ದುದು ಉಸ್ತಾದ್‌ಜೀ ಎಂದೇ. ಹಾರುವ ಮುನ್ನಿನ ತಪಾಸಣೆಯನ್ನು ಅವರು ಸಂಧ್ಯಾವಂದನೆಯಂತೆ, ಒಂದು ಅಂಗವೂ ತಪ್ಪದ ಹಾಗೆ, ಮಾಡಿಸಿದರು: ಶಿರಸ್ತ್ರಾಣದ ಪಟ್ಟಿ, ಎರಡು ತೊಡೆಯ ಪಟ್ಟಿ, ಎದೆಯ ಪಟ್ಟಿ, ಎರಡು ಕೊಂಡಿಗಳ ಬೀಗ, ರಿಸರ್ವ್ ಪ್ಯಾರಾಶೂಟಿನ ಹಿಡಿ ಮತ್ತು ಮೊಳೆ, ದಾರಗಳಲ್ಲಿ ಗಂಟು, ಬ್ರೇಕಿನ ಓಟ, ಕೊನೆಗೆ ಗಾಳಿ ಮತ್ತು ಆಕಾಶ. ತೊಡೆಪಟ್ಟಿ ಹಾಕಲು ಮರೆತು ಓಡಿದವರು ನೆಲ ಬಿಟ್ಟೊಡನೆ ಆಸನದಿಂದ ಜಾರಿ ಪ್ರಾಣ ಕಳೆದುಕೊಂಡ ಉದಾಹರಣೆಗಳು ಹಲವು ದೇಶಗಳಲ್ಲಿವೆ. ಅವರು ಮರೆತದ್ದು ತಿಳಿಯದೆ ಅಲ್ಲ. ನಡುವೆ ಯಾರೋ ಮಾತಾಡಿಸಿದರು, ಅಷ್ಟೆ. ಆದುದರಿಂದ ತಪಾಸಣೆಯ ನಡುವೆ ಮಾತು ಬಂದರೆ ಮತ್ತೆ ಮೊದಲಿನಿಂದ ಆರಂಭಿಸಬೇಕೆಂಬುದು ಉಸ್ತಾದರ ಕಟ್ಟಳೆ.

ಹದವಾದ ಗಾಳಿ ಬಂತು. ಅವನು ಓಡಿದ. ರೆಕ್ಕೆ ಎದ್ದಿತು, ಆದರೆ ತಲೆಯ ಮೇಲಕ್ಕೆ ಬರುವ ಮೊದಲೇ ಸೋಮಾರಿ ಎತ್ತಿನಂತೆ ಹಿಂದೆಯೇ ತೂಗಿ ಕುಸಿಯಿತು. ಎರಡನೆಯ ಸಲವೂ ಹಾಗೆಯೇ. ಸುತ್ತಲಿನವರ ರೆಕ್ಕೆಗಳು ಅದೇ ಗಾಳಿಯಲ್ಲಿ ಪಾರಿವಾಳಗಳಂತೆ ಮೇಲೇರುತ್ತಿದ್ದವು. ಕೆಳಗೆ ಬಯಲಿನಲ್ಲಿ ಮಗಳು ಕಾಯುತ್ತಿದ್ದಾಳೆ. ಅವನು ಮತ್ತೆ ರೆಕ್ಕೆ ಹರಡತೊಡಗಿದ.

“ಮೂರನೆಯದು ಬೇಡ ಬೇಟಾ” ಎಂದರು ಉಸ್ತಾದ್.

“ಇನ್ನಷ್ಟು ಜೋರಾಗಿ ಓಡಿದರೆ ಏಳುತ್ತದೆ, ಉಸ್ತಾದ್‌ಜೀ.”

“ಏಳಬಹುದು. ಎದ್ದ ಮೇಲೆ? ನೆಲದ ಮೇಲೆ ಹಿಂದಕ್ಕೆ ತೂಗುವ ರೆಕ್ಕೆ ಆಕಾಶದಲ್ಲಿಯೂ ಹಿಂದಕ್ಕೇ ತೂಗುತ್ತದೆ. ಇದರ ತಪಾಸಣೆ ಯಾವಾಗ ಆಗಿತ್ತು?”

ಅವನಿಗೆ ಗೊತ್ತಿರಲಿಲ್ಲ. ಮಾರಿದವನು ‘ಹೆಚ್ಚು ಹಾರಿಸಿಲ್ಲ’ ಎಂದಿದ್ದ, ಬಣ್ಣ ಹೊಳೆಯುತ್ತಿತ್ತು, ಅಷ್ಟಕ್ಕೇ ಅವನು ತೃಪ್ತನಾಗಿದ್ದ. ಆ ದಿನ ಅವನು ಕೆಳಗಿಳಿದದ್ದು ಜೀಪಿನಲ್ಲಿ. ಬಯಲಿನ ಅಂಚಿನಲ್ಲಿ ಜೀಪು ನಿಂತಾಗ ಮಗಳು ಇನ್ನೂ ಆಕಾಶವನ್ನೇ ನೋಡುತ್ತಿದ್ದಳು.

“ಅಪ್ಪಾ, ನೀನು ಮೇಲಿನಿಂದ ಬರುತ್ತೇನೆ ಎಂದಿದ್ದೆಯಲ್ಲ?”

ಅವನಿಗೆ ಉತ್ತರ ಹೊಳೆಯಲಿಲ್ಲ. ಹೆಂಡತಿ ಮಾತ್ರ ಏನನ್ನೂ ಕೇಳದೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅವನ ಕೈಗಿತ್ತಳು. ಆ ಕೈ ಸ್ವಲ್ಪ ನಡುಗುತ್ತಿದ್ದುದನ್ನು ಅವನು ಆಗಲೇ ಗಮನಿಸಿದ. ಬೆಳಗಿನಿಂದ ಆಕೆ ಯಾವ ಮನಃಸ್ಥಿತಿಯಲ್ಲಿ ಆಕಾಶ ನೋಡುತ್ತಿದ್ದಳೆಂಬುದು ಆವರೆಗೆ ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ರೆಕ್ಕೆಯ ವೈದ್ಯಶಾಲೆ

ವೈದ್ಯನಾಥನ ಸೀಮೆಯಲ್ಲಿ ರೆಕ್ಕೆಗಳಿಗೂ ವೈದ್ಯರಿರುವುದು ಉಚಿತವೇ. ಬೀರಿನ ಕಾರ್ಯಾಗಾರವೊಂದರಲ್ಲಿ ಅವನ ರೆಕ್ಕೆಯನ್ನು ಉದ್ದನೆಯ ಮೇಜಿನ ಮೇಲೆ ಹರಡಿ, ನಾಡಿ ಹಿಡಿದು ನೋಡಿದರು.

ಮೊದಲ ಪರೀಕ್ಷೆ ಬಟ್ಟೆಯ ಉಸಿರಿನದು. ರೆಕ್ಕೆಯ ನೈಲಾನ್ ಬಟ್ಟೆಗೆ ತೆಳುವಾದ ಲೇಪನವಿರುತ್ತದೆ. ಅದು ಗಾಳಿಯನ್ನು ಒಳಗೇ ಹಿಡಿದಿಡುತ್ತದೆ. ಬಿಸಿಲು, ಉಜ್ಜಾಟ, ತೇವಗಳಿಂದ ಲೇಪನ ಸವೆದರೆ ಬಟ್ಟೆ ಸೋರತೊಡಗುತ್ತದೆ. ಪುಟ್ಟ ಯಂತ್ರವೊಂದನ್ನು ಬಟ್ಟೆಗೆ ಕಚ್ಚಿಸಿ, ನಿಗದಿತ ಪ್ರಮಾಣದ ಗಾಳಿ ಅದರ ಮೂಲಕ ಹಾಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಎಣಿಸುತ್ತಾರೆ. ಹೊಸ ಬಟ್ಟೆಯಾದರೆ ನೂರಾರು ಸೆಕೆಂಡು. ಕೆಲವೇ ಸೆಕೆಂಡುಗಳಲ್ಲಿ ಗಾಳಿ ಹಾಯ್ದುಹೋದರೆ ಆ ರೆಕ್ಕೆಯ ಆಯುಸ್ಸು ಮುಗಿಯಿತೆಂದೇ ಅರ್ಥ. ಇನ್ನೊಂದು ಉಪಕರಣದ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎಳೆದು, ಅದು ಎಷ್ಟು ಬಲಕ್ಕೆ ಹರಿಯತೊಡಗುತ್ತದೆಂದು ನೋಡುತ್ತಾರೆ. ಬೆಂಗಳೂರಿನವನ ಬಟ್ಟೆ ಎರಡರಲ್ಲಿಯೂ ತೇರ್ಗಡೆಯಾಯಿತು.

ಎರಡನೆಯದು ದಾರಗಳ ಉದ್ದ. ರೋಗ ಇದ್ದದ್ದು ಇಲ್ಲಿ. ದಾರಗಳನ್ನು ಹೆಚ್ಚಾಗಿ ಎರಡು ಬಗೆಯ ನೂಲಿನಿಂದ ಮಾಡುತ್ತಾರೆ. ಡೈನೀಮಾ ಎಂಬುದು ಬಳುಕಿಗೆ ಜಗ್ಗದು. ಆದರೆ ಕಾಲಕ್ರಮದಲ್ಲಿ ಕುಗ್ಗುತ್ತದೆ, ಬಿಸಿಯನ್ನು ತಾಳದು. ಆರಮಿಡ್ ಎಂಬುದು ಉದ್ದವನ್ನು ಕಾಪಾಡುತ್ತದೆ. ಆದರೆ ಪದೇ ಪದೇ ಬಾಗಿಸಿದರೆ, ಬಿಸಿಲಿಗೆ ಒಡ್ಡಿದರೆ ಒಳಗೊಳಗೇ ಜೀರ್ಣವಾಗುತ್ತದೆ. ಹಾರಾಟದಲ್ಲಿ ಮುಂದಿನ ಸಾಲಿನ ದಾರಗಳ ಮೇಲೆ ಭಾರ ಹೆಚ್ಚು; ಅವು ಎಳೆದೆಳೆದು ಕೊಂಚ ಉದ್ದವಾಗುತ್ತವೆ. ಹಿಂದಿನ ಸಾಲಿಗೆ ಭಾರ ಕಡಮೆ, ಅವು ಕುಗ್ಗುತ್ತವೆ. ಮುಂದು ಉದ್ದ, ಹಿಂದು ಗಿಡ್ಡ; ಫಲವಾಗಿ ರೆಕ್ಕೆಯ ಮೂಗು ಮೇಲಕ್ಕೆ ತಿರುಗುತ್ತದೆ. ಅಂತಹ ರೆಕ್ಕೆ ಸೋಮಾರಿಯಾಗಿ ಏಳುತ್ತದೆ, ನಿಧಾನವಾಗಿ ಹಾರುತ್ತದೆ. ಕೊನೆಗೊಂದು ದಿನ ಬ್ರೇಕು ಸ್ವಲ್ಪ ಹೆಚ್ಚಾದಾಗ ಮುಂದೆ ಹೋಗುವುದನ್ನೇ ಬಿಟ್ಟು ಕಲ್ಲಿನಂತೆ ಕೆಳಗಿಳಿಯುತ್ತದೆ.

ಬೆಳಕಿನ ಕಿರಣದಿಂದ ಅಳೆಯುವ ಉಪಕರಣ ಹಿಡಿದು ಒಂದೊಂದೇ ದಾರವನ್ನು ಅಳೆದರು. ತಯಾರಕರ ಪಟ್ಟಿಗೂ ಇದಕ್ಕೂ ಒಂದು ಸೆಂಟಿಮೀಟರಿನೊಳಗೆ ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಇಲ್ಲಿ ಹಿಂದಿನ ಸಾಲು ಮೂರು ಸೆಂಟಿಮೀಟರು ಕುಗ್ಗಿತ್ತು. ಏಳೆಂಟು ಮೀಟರು ಉದ್ದದಲ್ಲಿ ಮೂರು ಸೆಂಟಿಮೀಟರು! ಯಾರ ಕಣ್ಣಿಗೂ ಕಾಣದ ಅಂತರ. ರೆಕ್ಕೆಗೆ ಮಾತ್ರ ಕಂಡಿತ್ತು. ಅದು ಎರಡು ಸಲ ಹೇಳಿಯೂ ಇತ್ತು.

ಮೂರನೆಯ ಪರೀಕ್ಷೆ ದಾರದ ಬಲ. ಮುಂದಿನ ಸಾಲಿನಿಂದ ಒಂದು ದಾರವನ್ನು ಬಿಚ್ಚಿ, ಯಂತ್ರಕ್ಕೆ ಸಿಕ್ಕಿಸಿ, ಹರಿಯುವವರೆಗೆ ಎಳೆದು ನೋಡಿ, ಅದರ ಜಾಗಕ್ಕೆ ಹೊಸದನ್ನು ಹಾಕುತ್ತಾರೆ. ಒಂದು ಅನ್ನದ ಅಗುಳಿನಿಂದ ಪಾತ್ರೆಯ ಅನ್ನದ ಹದ ನೋಡುವ ಗೃಹಿಣಿಯ ನ್ಯಾಯವೇ ಇಲ್ಲಿಯೂ. ಈ ದಾರ ಬಲದಲ್ಲಿ ಗೆದ್ದಿತು. ಆದರೆ ಬೇರೊಂದು ದಾರದ ಹೊರಕವಚ ಎಲ್ಲಿಯೋ ಕಲ್ಲಿಗೆ ಉಜ್ಜಿ ಒಳಗಿನ ಬಿಳಿನೂಲು ಕಾಣುತ್ತಿತ್ತು. ಅದನ್ನೂ ಬದಲಾಯಿಸಿ, ಸಾಲುಗಳ ಉದ್ದವನ್ನು ಸರಿದೂಗಿಸಿಕೊಡಲು ಎರಡು ದಿನ ಬೇಕೆಂದರು. ಐದು ದಿನದ ರಜೆಯಲ್ಲಿ ಎರಡು ದಿನ ಹೋಯಿತು.

ಇಂತಹ ತಪಾಸಣೆಯನ್ನು ಎಷ್ಟು ಕಾಲಕ್ಕೊಮ್ಮೆ ಮಾಡಿಸಬೇಕೆಂಬುದನ್ನು ಪ್ರತಿ ತಯಾರಕರೂ ಕೈಪಿಡಿಯಲ್ಲಿ ಬರೆದಿರುತ್ತಾರೆ. ಅನೇಕರದು ‘೧೦೦ ಗಂಟೆಯ ಹಾರಾಟ ಅಥವಾ ೨ ವರ್ಷ, ಯಾವುದು ಮೊದಲೋ ಅದು’ ಎಂಬ ಲೆಕ್ಕ. ರಿಸರ್ವ್ ಪ್ಯಾರಾಶೂಟನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಗಾಳಿಗೆ ಹಾಕಿ, ಬಲ್ಲವರಿಂದ ಮತ್ತೆ ಮಡಿಸಿಸಬೇಕು. ಬಹುಕಾಲ ಮಡಿಚಿಯೇ ಇದ್ದ ಬಟ್ಟೆ ಅವಸರದಲ್ಲಿ ನಿಧಾನವಾಗಿ ತೆರೆದುಕೊಳ್ಳುತ್ತದೆ.

ಸಂಪಾತಿಯ ಪಾಠ

ಬಿಡುವಾದ ಆ ಎರಡು ದಿನ ಉಸ್ತಾದ್ ಅವನಿಗೆ ಹಾರಾಟದ ಬದಲು ಮನೆವಾರ್ತೆಯ ಪಾಠ ಹೇಳಿದರು. ಜಟಾಯುವಿನ ಅಣ್ಣ ಸಂಪಾತಿಯ ಕಥೆ ಎಲ್ಲರಿಗೂ ಗೊತ್ತು. ಸೂರ್ಯನ ಸಮೀಪಕ್ಕೆ ಹಾರಿದ ತಮ್ಮನನ್ನು ಕಾಯಲು ಹೋಗಿ ಅವನು ತನ್ನ ರೆಕ್ಕೆಗಳನ್ನು ಸುಟ್ಟುಕೊಂಡ. ಬಟ್ಟೆಯ ರೆಕ್ಕೆಗೂ ಸೂರ್ಯನೇ ಪರಮಶತ್ರು; ಅದಕ್ಕೆ ಅವನ ಬಳಿಗೆ ಹಾರಬೇಕಾಗಿಯೂ ಇಲ್ಲ, ನೆಲದ ಮೇಲೆ ಸುಮ್ಮನೆ ಹರಡಿಕೊಂಡಿದ್ದರೂ ಸಾಕು. ಹಾರುವ ಹೊತ್ತು ಬರುವವರೆಗೆ ಅದನ್ನು ಚೀಲದಿಂದ ತೆಗೆಯಬಾರದು. ಇಳಿದ ಮೇಲೆ ಹರಟೆಗೆ ನಿಲ್ಲದೆ ಮೊದಲು ಮಡಿಸಬೇಕು.

ತೇವವಾಗಿದ್ದರೆ ನೆರಳಿನಲ್ಲಿ, ಗಾಳಿಯಾಡುವೆಡೆ ಒಣಗಿಸಿದ ಮೇಲೆಯೇ ಚೀಲಕ್ಕೆ ಸೇರಿಸಬೇಕು. ಇಲ್ಲವಾದರೆ ಬೂಷ್ಟು ಹಿಡಿದು ಲೇಪನ ಕಿತ್ತುಬರುತ್ತದೆ. ಕೊಳೆಯಾದರೆ ತಣ್ಣೀರು, ಮೆತ್ತನೆಯ ಬಟ್ಟೆ—ಇಷ್ಟೇ. ಸೋಪು, ಸೀಮೆಎಣ್ಣೆ, ಪೆಟ್ರೋಲುಗಳ ಸೋಂಕು ಕೂಡದು. ಇಸ್ತ್ರಿಯ ಮಾತೇ ಬೇಡ. ಸಮುದ್ರತೀರದಲ್ಲಿ ಹಾರಿಸಿದರೆ ಮರಳನ್ನು ಕೊಡವಿ, ಉಪ್ಪುನೀರು ತಗಲಿದ್ದರೆ ಸಿಹಿನೀರಿನಿಂದ ತೊಳೆಯಬೇಕು. ಮುಂದಿನ ಅಂಚಿನೊಳಗಿನ ಕಡ್ಡಿಗಳು ಬಾಗದಂತೆ ಒಂದರ ಮೇಲೊಂದು ಜೋಡಿಸಿ ಸಡಿಲವಾಗಿ ಮಡಿಸಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನ ಹಿಂಬದಿಯಲ್ಲಿ ಇಟ್ಟು ಹೋದರೆ ಒಲೆಯ ಮೇಲೆ ಇಟ್ಟಂತೆಯೇ. ಚಿಕ್ಕ ಹರುಕಿಗೆ ಅಂಟುಪಟ್ಟಿ ಸಾಕು. ಹರುಕು ಹೊಲಿಗೆಯನ್ನು ಮುಟ್ಟಿದ್ದರೆ, ದಾರ ಕಟ್ಟಿದ ಜಾಗದ ಬಳಿ ಇದ್ದರೆ, ಕಾರ್ಯಾಗಾರಕ್ಕೇ ಹೋಗಬೇಕು. ಗಡುಸು ನೆಲಕ್ಕೆ ಬಿದ್ದ ಕೊಂಡಿಯನ್ನು ಮತ್ತೆ ನಂಬಬಾರದು.

ಹೆಂಡತಿಯೂ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು. “ಜರತಾರಿ ಸೀರೆಗೆ ಮಾಡುವ ಉಪಚಾರಗಳೇ ಇವು” ಎಂದು ಅವಳು ನಕ್ಕಾಗ ಉಸ್ತಾದ್ ತಲೆದೂಗಿದರು.

ಇಲ್ಲಿಗೆ ಬಂದು ಚಾಲಕನೊಡನೆ ಜೋಡಿಯಾಗಿ ಹಾರಲು ಬಯಸುವ ಕುಟುಂಬಗಳಿಗೂ ಉಸ್ತಾದ್ ಹೇಳುವ ಮಾತು ಸರಳವಾದುದು. ಚಾಲಕನ ಪರವಾನಗಿಯನ್ನು ತೋರಿಸೆಂದು ಕೇಳಲು ಸಂಕೋಚ ಬೇಡ. ತೊಡೆಪಟ್ಟಿಗಳು ಬಿಗಿದಿವೆಯೇ ಎಂದು ಸ್ವಂತ ಕೈಯಿಂದ ಮುಟ್ಟಿ ನೋಡಿ. ‘ಇಂದು ಗಾಳಿ ಸರಿಯಿಲ್ಲ’ ಎಂದು ಹೇಳಿದ ಚಾಲಕನ ಮೇಲೆ ಸಿಟ್ಟಾಗಬೇಡಿ. ಅವನು ತನ್ನ ದಿನದ ಸಂಪಾದನೆಯನ್ನು ಬಿಟ್ಟು ನಿಮ್ಮ ಹಿತವನ್ನು ನೋಡಿದ್ದಾನೆ.

ಕೊನೆಯ ಬೆಳಗು

ರಜೆಯ ಕೊನೆಯ ದಿನ. ಸರಿಪಡಿಸಿದ ರೆಕ್ಕೆಯನ್ನು ಮೊದಲು ಕೆಳಗಿನ ಬಯಲಿನಲ್ಲಿಯೇ ಎತ್ತಿ ನೋಡಿದರು. ಅದು ಒಂದೇ ಉಸಿರಿಗೆ ತಲೆಯ ಮೇಲೆ ಬಂದು ನಿಂತಿತು. ಅನಂತರ ಬಿಲ್ಲಿಂಗ್. ಅದೇ ತಪಾಸಣೆ, ಅದೇ ಅನುಕ್ರಮ. ಹದವಾದ ಗಾಳಿಯಲ್ಲಿ ನಾಲ್ಕಾರು ಹೆಜ್ಜೆ ಓಡಿದ. ಐದನೆಯ ಹೆಜ್ಜೆಗೆ ನೆಲ ಸಿಗಲಿಲ್ಲ.

ದೇವದಾರು ಮರಗಳ ತುದಿಗಳು ಪಾದದ ಕೆಳಗೆ ಜಾರಿದವು. ಮೊದಲ ಏರುಗಾಳಿ ಸಿಕ್ಕಿದಾಗ ರೆಕ್ಕೆಯ ಬಲತುದಿ ಒಮ್ಮೆ ಮಡಿಚಿಕೊಂಡಿತು. ಎಡಕ್ಕೆ ಒರಗಿ, ಎಡಗೈಯನ್ನು ಹಗುರವಾಗಿ ಹಿಡಿದು, ಬಲಗೈಯಿಂದ ಒಮ್ಮೆ ದೀರ್ಘವಾಗಿ ಎಳೆದುಬಿಟ್ಟ. ‘ಪಟ್’ ಎಂಬ ಸದ್ದಿನೊಡನೆ ಅದು ತೆರೆದುಕೊಂಡಿತು. ರಣಹದ್ದೊಂದು ಹತ್ತಿರವೇ ಸುತ್ತುತ್ತ, ಕತ್ತು ತಿರುಗಿಸಿ ಇವನನ್ನು ನೋಡಿ, ತನ್ನಪಾಡಿಗೆ ಮೇಲಕ್ಕೆ ಹೋಯಿತು. ಇವನ ಮುಂದೆ ಇಡೀ ಮಧ್ಯಾಹ್ನವಿತ್ತು. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಶ್ರೇಣಿಯ ಹಿಂದಿನಿಂದ ಬಿಳಿಯ ಮೋಡವೊಂದರ ಬುಡ ಕಪ್ಪಾಗತೊಡಗಿತು. ಮೇಲಿದ್ದವರಲ್ಲಿ ಕೆಲವರು ಇನ್ನೂ ಏರುತ್ತಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟವೆಂಬುದು ಅವನಿಗೆ ಈಗ ಬರಿಯ ಗಾದೆಯಾ­ಗಿರಲಿಲ್ಲ. ಅವನು ರೆಕ್ಕೆಯನ್ನು ಕಣಿವೆಯ ಕಡೆ ತಿರುಗಿಸಿದ.

ಬಯಲಿಗೆ ಇಳಿದಾಗ ಮಗಳು ಓಡಿಬಂದು ಅವನ ಕೈಗೆ ಜೋತುಬಿದ್ದಳು. ಹೆಂಡತಿ ಸಾವಕಾಶವಾಗಿ ನಡೆದುಬಂದಳು; ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಕೈ ಈ ಸಲ ಸ್ಥಿರವಾಗಿತ್ತು. ಅವನು ಚಹಾವನ್ನು ಪಕ್ಕಕ್ಕಿಟ್ಟು, ಹರಟೆಗೆ ನಿಲ್ಲದೆ, ರೆಕ್ಕೆಯನ್ನು ನೆರಳಿಗೆಳೆದು ಮಡಿಸತೊಡಗಿದ. ಕೋಶವೊಂದರ ಬಾಯಿಯಲ್ಲಿ ಏನೋ ಮಿಸುಕಿತು.

“ಅಪ್ಪಾ, ಮಿಡತೆ!”

“ತೆಗೆದುಬಿಡು ಪುಟ್ಟಿ. ಒಳಗೇ ಮಡಿಸಿಬಿಟ್ಟರೆ ರೆಕ್ಕೆಯನ್ನು ಕಡಿದುಕೊಂಡೇ ಹೊರಗೆ ಬರುತ್ತದೆ.”

ಅವಳು ಎರಡು ಬೆರಳಿನಿಂದ ಅದನ್ನು ಮೆಲ್ಲನೆ ಎತ್ತಿ, ಅಂಗೈ ಮೇಲೆ ಇಟ್ಟುಕೊಂಡು ಒಂದು ಕ್ಷಣ ನೋಡಿದಳು. ಮಿಡತೆ ಅಂಗೈಯಿಂದ ನೆಗೆದು ಭತ್ತದ ಗದ್ದೆಯ ಕಡೆಗೆ ಹಾರಿಹೋಯಿತು. ಅವಳು ಮತ್ತೆ ಬಾಗಿ, ಉಳಿದ ಕೋಶಗಳಲ್ಲಿ ಒಂದೊಂದಾಗಿ ಇಣುಕಿ ನೋಡತೊಡಗಿದಳು.